ಹೊಸ ಕಾರು, ಸವೆದ ಟೈರು: ಡೀಲರ್ ಹೊಣೆ ಎಲ್ಲಿಯವರೆಗೆ?

ಪದೇ ಪದೇ ಕೇಳುವ ಪ್ರಶ್ನೆಗಳು

ಕಾರು ಬಂದು ವರ್ಷ ತುಂಬಿರುವುದಿಲ್ಲ, ಮೀಟರಿನಲ್ಲಿ 12,000 ಕಿ.ಮೀ. ತೋರಿಸುತ್ತಿರುತ್ತದೆ. ಸರ್ವಿಸ್‌ಗೆ ಬಿಟ್ಟ ದಿನ ಮಧ್ಯಾಹ್ನ 'ಮುಂದಿನ ಎರಡು ಟೈರ್ ಹೋಗಿವೆ ಸಾರ್, ಬದಲಾಯಿಸಿಬಿಡಿ' ಎಂದು ಫೋನ್ ಬರುತ್ತದೆ. ವಾರಂಟಿ ಕೇಳಿದರೆ ಡೀಲರ್ ಟೈರ್ ಕಂಪನಿಯನ್ನು ತೋರಿಸುತ್ತಾರೆ, ಟೈರ್ ಕಂಪನಿ ಅಲೈನ್‌ಮೆಂಟ್ (ಚಕ್ರಗಳು ನಿಂತಿರುವ ಕೋನ) ಸರಿಯಿಲ್ಲ ಎಂದು ಡೀಲರನ್ನು ತೋರಿಸುತ್ತದೆ, ಕೊನೆಗೆ ಇಬ್ಬರೂ ಸೇರಿ ನಮ್ಮ ರಸ್ತೆಗಳನ್ನು ತೋರಿಸುತ್ತಾರೆ. ಈ ಸುತ್ತಾಟದಿಂದ ಹೊರಬರುವ ದಾರಿ ಟೈರಿನ ಮೈಮೇಲೆಯೇ ಇದೆ. ಎಲ್ಲಿ ಸವೆದಿದೆ, ಎಷ್ಟು ಸವೆದಿದೆ ಎಂದು ಅಳೆದು ಬರೆದಿಟ್ಟವರ ಜೊತೆ ವಾದ ಮಾಡುವುದು ಡೀಲರಿಗೆ ಕಷ್ಟ.

ಎಷ್ಟು ಕಿಲೋಮೀಟರಿಗೆ ಸವೆದರೆ 'ಬೇಗ ಸವೆಯಿತು' ಎನ್ನಬಹುದು?

ಇಂತಿಷ್ಟು ಕಿ.ಮೀ. ಬಾಳಲೇಬೇಕು ಎಂಬ ಕಾನೂನು ಇಲ್ಲ. ರೂಢಿಯ ಲೆಕ್ಕ ಮಾತ್ರ ಇದೆ: ಸಣ್ಣ ಕಾರು, ಸೆಡಾನ್‌ಗಳ ಟೈರ್ ಸಾಮಾನ್ಯವಾಗಿ 35,000ದಿಂದ 50,000 ಕಿ.ಮೀ. ಬರುತ್ತವೆ. ಎಲೆಕ್ಟ್ರಿಕ್ ಕಾರುಗಳು ಬ್ಯಾಟರಿಯಿಂದಾಗಿ ಭಾರ ಹೆಚ್ಚು, ಎಳೆತವೂ ತಟ್ಟನೆ ಬರುತ್ತದೆ, ಹಾಗಾಗಿ ಅವುಗಳ ಟೈರ್ ಸ್ವಲ್ಪ ಮುಂಚೆಯೇ ಮುಗಿಯುತ್ತದೆ. ನಮ್ಮಲ್ಲಿ ಓಡುವ ಬಹುಪಾಲು ಕಾರುಗಳಲ್ಲಿ ಎಂಜಿನ್ ಎಳೆತ, ಸ್ಟೇರಿಂಗ್ ತಿರುವು, ಬ್ರೇಕಿನ ಹೆಚ್ಚಿನ ಪಾಲು ಮೂರೂ ಮುಂದಿನ ಚಕ್ರಗಳ ಮೇಲೆಯೇ ಬೀಳುತ್ತವೆ. ಮುಂದಿನವು ಹಿಂದಿನವಕ್ಕಿಂತ ಬೇಗ ಸವೆದರೆ ಅದು ದೋಷವಲ್ಲ.

20,000 ಕಿ.ಮೀ. ಒಳಗೆ ಟೈರ್ ಮುಗಿಯುವಂತಿದ್ದರೆ, ಅಥವಾ ಒಂದೇ ಟೈರಿನ ಒಳ ಅಂಚು ಹೊರ ಅಂಚಿಗಿಂತ ಒಂದೂವರೆ ಮಿ.ಮೀ. ಹೆಚ್ಚು ಸವೆದಿದ್ದರೆ, ಕಾರಣ ಹುಡುಕಲೇಬೇಕು. ಎರಡನೆಯ ಲಕ್ಷಣ ಕಂಡರೆ ಕಿಲೋಮೀಟರ್ ಎಷ್ಟಾಗಿದೆ ಎಂದು ನೋಡುತ್ತಾ ಕೂರಬೇಡಿ.

ಸವೆತವನ್ನು ಮನೆಯಲ್ಲೇ ಅಳೆಯುವುದು ಹೇಗೆ?

ಟೈರಿನ ಕಟ್, ಅಂದರೆ ಮೈಮೇಲಿನ ಕೊರಕಲುಗಳ, ಆಳ ಅಳೆಯುವ ಗೇಜ್ ಅಗ್ಗದ ಸಾಮಾನು, ಆನ್‌ಲೈನ್‌ನಲ್ಲೂ ಸಿಗುತ್ತದೆ. ಅದಿಲ್ಲದಿದ್ದರೆ ವರ್ನಿಯರ್ ಕ್ಯಾಲಿಪರ್‌ನ ಹಿಂತುದಿಯ ಕಡ್ಡಿ ಸಾಕು. ಪ್ರತಿ ಟೈರಿನಲ್ಲಿ ಒಳ ಅಂಚು, ನಡು, ಹೊರ ಅಂಚು ಹೀಗೆ ಮೂರು ಕಡೆ ಅಳೆಯಿರಿ. ಒಳ ಅಂಚಿಗೆ ಕೈ ಹೋಗಬೇಕಾದರೆ ಸ್ಟೇರಿಂಗ್ ಪೂರ್ತಿ ತಿರುಗಿಸಿ, ಹಿಂದಿನ ಚಕ್ರಕ್ಕೆ ಕಾರಿನ ಕೆಳಗೆ ಬಗ್ಗಿ ನೋಡಿ. ಈ ಒಳ ಅಂಚು ನಿಂತು ನೋಡುವವರಿಗೆ ಕಾಣುವುದಿಲ್ಲ. ಹೊರಗಿನಿಂದ ಹೊಸದರಂತೆ ಹೊಳೆಯುವ ಟೈರಿನ ಒಳಗಡೆ ತಂತಿ ಹೊರಬಂದಿರುವುದೂ ಉಂಟು.

ಕಟ್‌ಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ರಬ್ಬರ್ ದಿಬ್ಬಗಳಿರುತ್ತವೆ. ಟೈರಿನ ಪಕ್ಕದ ಗೋಡೆಯ ಮೇಲಿನ ತ್ರಿಕೋನ ಅಥವಾ 'ಟಿಡಬ್ಲ್ಯುಐ' ಗುರುತು ಅವು ಇರುವ ಜಾಗ ತೋರಿಸುತ್ತದೆ. ಆ ದಿಬ್ಬದ ಮೇಲೆ ಅಳೆಯಬೇಡಿ. ಕಾರಿನ ಟೈರಿನಲ್ಲಿ ದಿಬ್ಬದ ಎತ್ತರ 1.6 ಮಿ.ಮೀ., ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಇರಲೇಬೇಕಾದ ಕನಿಷ್ಠ ಆಳವೂ ಅಷ್ಟೇ. ಟೈರಿನ ಮೈ ದಿಬ್ಬದ ಮಟ್ಟಕ್ಕೆ ಬಂದರೆ ಟೈರ್ ಮುಗಿಯಿತು.

ಈಗ ಲೆಕ್ಕ. ಹೊಸ ಕಾರಿನ ಟೈರ್ ಸಾಮಾನ್ಯವಾಗಿ 6.5ರಿಂದ 8 ಮಿ.ಮೀ. ಕಟ್ ಇಟ್ಟುಕೊಂಡು ಬರುತ್ತದೆ. ಡಿಕ್ಕಿಯಲ್ಲಿರುವ ಸ್ಟೆಪ್ನಿ ಅದೇ ಅಳತೆಯದಾಗಿದ್ದು ಒಮ್ಮೆಯೂ ಬಳಸಿಲ್ಲದಿದ್ದರೆ ಅದನ್ನೇ ಅಳೆದು ಮೂಲ ಆಳ ತಿಳಿಯಬಹುದು. ಹೊಸದರಲ್ಲಿ 7.5 ಮಿ.ಮೀ. ಇತ್ತು, 12,000 ಕಿ.ಮೀ. ಆದಾಗ 4 ಉಳಿದಿದೆ ಎಂದುಕೊಳ್ಳಿ. ಸವೆದದ್ದು 3.5, ಅಂದರೆ ಮಿ.ಮೀ.ಗೆ ಸುಮಾರು 3,430 ಕಿ.ಮೀ. ಬಳಸಬಹುದಾದ ಆಳ 7.5ರಲ್ಲಿ 1.6 ಕಳೆದರೆ 5.9. ಒಟ್ಟು ಆಯುಸ್ಸು ಸುಮಾರು 20,200 ಕಿ.ಮೀ. ಹೊಸ ಟೈರಿನ ರಬ್ಬರ್ ಗಟ್ಟೆಗಳು ಎತ್ತರವಿರುವುದರಿಂದ ಹೆಚ್ಚು ಅಲುಗಾಡಿ ಮೊದಮೊದಲು ತುಸು ಜಾಸ್ತಿಯೇ ಸವೆಯುತ್ತವೆ. ಹಾಗಾಗಿ ಈ ಲೆಕ್ಕ ಅಂದಾಜು. ಆದರೂ ಡೀಲರ್ ಎದುರು 'ಟೈರ್ ಸವೆದಿದೆ' ಎನ್ನುವುದಕ್ಕಿಂತ 'ಮಿ.ಮೀ.ಗೆ 3,430 ಕಿ.ಮೀ. ಬರುತ್ತಿದೆ' ಎನ್ನುವ ಮಾತಿಗೆ ತೂಕ ಹೆಚ್ಚು.

ನಾಲ್ಕು ಟೈರಿಗೆ ಹನ್ನೆರಡು ಅಂಕಿ ಆಗುತ್ತವೆ. ಅವನ್ನು ತಾರೀಖು, ಕಿಲೋಮೀಟರ್ ಸಮೇತ ಬರೆದಿಟ್ಟು, ಗೇಜ್ ಟೈರಿನಲ್ಲಿ ಇರುವಂತೆಯೇ ಫೋಟೊ ತೆಗೆಯಿರಿ. ಕಾರಿನ ಮೀಟರಿನ ಫೋಟೊವೂ ಜೊತೆಗಿರಲಿ.

ಸವೆತದ ರೀತಿ ನೋಡಿ ಕಾರಣ ಹೇಳಬಹುದೇ?

ಬಹುಮಟ್ಟಿಗೆ ಹೇಳಬಹುದು. ಹೊಣೆ ಯಾರದು ಎಂಬುದೂ ಇಲ್ಲೇ ಅರ್ಧ ತೀರ್ಮಾನವಾಗುತ್ತದೆ.

ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆ, ಇಲ್ಲವೇ ಹೊರೆ ಹೆಚ್ಚು.

ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ಕಡೆ ನೋಡಬೇಕು. ಸವೆದ ಜಾಗ ನುಣುಪಾಗಿ ಇಳಿಜಾರಾಗಿದ್ದರೆ ಕ್ಯಾಂಬರ್, ಅಂದರೆ ಚಕ್ರ ಮೇಲಿನಿಂದ ಕೆಳಕ್ಕೆ ವಾಲಿದ ಕೋನ. ಟೈರಿನ ಮೈಮೇಲೆ ಅಡ್ಡಡ್ಡ ಕೈಯಾಡಿಸಿದಾಗ ಒಂದು ದಿಕ್ಕಿಗೆ ನುಣುಪು, ವಾಪಸ್ ಬರುವಾಗ ಗರಗಸದಂತೆ ಚುಚ್ಚಿದರೆ ಟೋ, ಅಂದರೆ ಚಕ್ರ ನೇರ ನೋಡದೆ ಒಳಕ್ಕೋ ಹೊರಕ್ಕೋ ಮುಖ ಮಾಡಿರುವುದು. ಕೈಯಾಡಿಸುವ ಮುನ್ನ ತಂತಿ ಹೊರಬಂದಿಲ್ಲವೆಂದು ನೋಡಿಕೊಳ್ಳಿ.

ಅಲ್ಲಲ್ಲಿ ತಗ್ಗುದಿಣ್ಣೆಯಾಗಿ, ಸುತ್ತಲೂ ಹಳ್ಳ ಬಿದ್ದಂತೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಕೆಲಸ ಮಾಡುತ್ತಿಲ್ಲ ಅಥವಾ ಬ್ಯಾಲೆನ್ಸಿಂಗ್, ಅಂದರೆ ಚಕ್ರದ ಸುತ್ತಲಿನ ತೂಕದ ಸಮತೋಲನ, ಹೋಗಿದೆ. ಹೊಸ ಕಾರಿನಲ್ಲಿ ಶಾಕ್ ಅಬ್ಸಾರ್ಬರ್ ಎಣ್ಣೆ ಕಾರುತ್ತಿದ್ದರೆ ಅದು ಸಾಮಾನ್ಯವಾಗಿ ಕಾರಿನ ವಾರಂಟಿಗೇ ಬರುತ್ತದೆ. ಒಂದೇ ಜಾಗದಲ್ಲಿ ಚಪ್ಪಟೆಯಾಗಿದ್ದರೆ ಚಕ್ರ ಲಾಕ್ ಆಗುವಂತೆ ಬ್ರೇಕ್ ಹಾಕಿದ್ದು, ಇಲ್ಲವೇ ಕಾರು ಸ್ಟಾಕ್‌ಯಾರ್ಡ್‌ನಲ್ಲಿ ತಿಂಗಳುಗಟ್ಟಲೆ ಒಂದೇ ಕಡೆ ನಿಂತದ್ದು. ಎರಡನೆಯದರಲ್ಲಿ ರಬ್ಬರ್ ಸವೆದಿರುವುದಿಲ್ಲ, ಆಕಾರ ಕೆಟ್ಟಿರುತ್ತದೆ ಅಷ್ಟೇ. ಮೊದಲ ದಿನದಿಂದಲೇ ದಡದಡ ಸದ್ದು ಬರುತ್ತದೆ.

ಮುಂದಿನ ಎರಡೂ ಟೈರ್‌ಗಳ ಹೊರ ಅಂಚು ಸಮನಾಗಿ ಸವೆದಿದ್ದರೆ ತಿರುವುಗಳಲ್ಲಿ ವೇಗವಾಗಿ ಓಡಿಸಿರುವ ಸಂಭವವಿದೆ. ವಾರಕ್ಕೊಮ್ಮೆ ಶಿರಾಡಿ, ಚಾರ್ಮಾಡಿ, ಆಗುಂಬೆ ಹತ್ತಿ ಇಳಿಯುವ ಕಾರಿನಲ್ಲಿ ಇದು ಸಹಜ. ಇದಕ್ಕಾಗಿ ಡೀಲರ್ ಜೊತೆ ಜಗಳ ಆಡಿ ಫಲವಿಲ್ಲ.

ಟೋ ಸ್ವಲ್ಪ ತಪ್ಪಿದರೆ ಅಷ್ಟೊಂದು ತಿನ್ನುತ್ತದೆಯೇ?

ತಿನ್ನುತ್ತದೆ. ಒಂದು ಚಕ್ರ ಇರಬೇಕಾದ ದಿಕ್ಕಿನಿಂದ 0.1 ಡಿಗ್ರಿ, ಅಂದರೆ ಕೋನದ ಅಳತೆಯಲ್ಲಿ 6 ಮಿನಿಟ್ ಮಾತ್ರ ಓರೆಯಾಗಿದೆ ಎಂದಿಟ್ಟುಕೊಳ್ಳಿ. ಕಾರು ನೇರ ಹೋಗುತ್ತಿದ್ದರೂ ಆ ಟೈರ್ ಪ್ರತಿ ಕಿಲೋಮೀಟರಿಗೆ ಸುಮಾರು 1.75 ಮೀಟರಿನಷ್ಟು ಅಡ್ಡಕ್ಕೆ ಉಜ್ಜಿಕೊಳ್ಳುತ್ತದೆ. 10,000 ಕಿ.ಮೀ. ಆಗುವಷ್ಟರಲ್ಲಿ ಅಡ್ಡ ಉಜ್ಜಿದ ದೂರ ಹದಿನೇಳೂವರೆ ಕಿ.ಮೀ. ಓರೆ 0.3 ಡಿಗ್ರಿ ಆದರೆ 52 ಕಿ.ಮೀ. ಟಾರಿನ ಮೇಲೆ ಅಷ್ಟು ದೂರ ಎಳೆದ ರಬ್ಬರ್ ಉಳಿಯುವುದಿಲ್ಲ. ವಿಚಿತ್ರವೆಂದರೆ, ಎರಡೂ ಚಕ್ರ ಸಮನಾಗಿ ತಪ್ಪಿದ್ದರೆ ಕಾರು ಯಾವ ಕಡೆಗೂ ಎಳೆಯುವುದಿಲ್ಲ, ಸ್ಟೇರಿಂಗ್ ನೇರವಾಗಿಯೇ ಇರುತ್ತದೆ. 'ಎಳೆತ ಇಲ್ಲ, ಹಾಗಾದರೆ ಅಲೈನ್‌ಮೆಂಟ್ ಸರಿ ಇದೆ' ಎಂಬ ಮಾತನ್ನು ನಂಬಬೇಡಿ.

ಹೊಸ ಕಾರಿನಲ್ಲಿ ಅಲೈನ್‌ಮೆಂಟ್ ತಪ್ಪಿರಲು ಹೇಗೆ ಸಾಧ್ಯ?

ಕಾರ್ಖಾನೆಯಿಂದ ಹೊರಡುವಾಗ ಪ್ರತಿ ಕಾರಿನ ಅಲೈನ್‌ಮೆಂಟ್ ಸರಿಮಾಡಿಯೇ ಕಳಿಸುತ್ತಾರೆ. ಆಮೇಲೆ ಲಾರಿಗೆ ಹತ್ತಿಸಿ ಚಕ್ರ ಬಿಗಿದು ಕಟ್ಟುವಾಗ, ಇಳಿಸುವಾಗ, ಯಾರ್ಡ್‌ನ ಕಟ್ಟೆಗೆ ಗುದ್ದಿದಾಗ ತಪ್ಪಬಹುದು. ಚಕ್ರದ ದಿಕ್ಕು ಹಿಡಿದಿಡುವ ಟೈ ರಾಡ್‌ನ ನಟ್ ಸರಿಯಾಗಿ ಬಿಗಿಯದಿದ್ದರೆ ದಿನ ಕಳೆದಂತೆ ಸರಿಯುತ್ತದೆ. ಇವೆಲ್ಲ ನಿಮ್ಮ ಕೈಗೆ ಕೀ ಬರುವ ಮುಂಚಿನ ಸಂಗತಿಗಳು. ಕೀ ಬಂದಮೇಲೆ ನಮ್ಮ ಊರಿನ ಗುಂಡಿ, ಅಳತೆಯಿಲ್ಲದ ಹಂಪ್‌ಗಳ ಪಾಲು ಶುರು.

ಗಾಳಿಯದು ಬೇರೆ ಕಥೆ. ಯಾರ್ಡ್‌ನಲ್ಲಿ ನಿಂತ ಕಾರಿನ ಟೈರ್ ಚಪ್ಪಟೆಯಾಗದಿರಲಿ ಎಂದು ಬೇಕೆಂದೇ ಹೆಚ್ಚು ಗಾಳಿ ತುಂಬಿರುತ್ತಾರೆ, 40 ಪಿಎಸ್‌ಐ ದಾಟಿರುವುದೂ ಇದೆ. ಡೆಲಿವರಿಗೆ ಮುಂಚಿನ ತಪಾಸಣೆಯಲ್ಲಿ, ಅಂದರೆ ಪಿಡಿಐನಲ್ಲಿ, ಅದನ್ನು ಇಳಿಸಿ ಬಾಗಿಲ ಚೌಕಟ್ಟಿನ ಸ್ಟಿಕರಿನಲ್ಲಿ ಬರೆದಷ್ಟಕ್ಕೆ ತರಬೇಕಾದದ್ದು ಡೀಲರ್ ಕೆಲಸ. ಹಬ್ಬದ ದಿನ ಸಾಲಾಗಿ ಡೆಲಿವರಿ ಇರುವಾಗ ಇದು ತಪ್ಪಿಹೋಗುತ್ತದೆ. ಮೊದಲ 5,000 ಕಿ.ಮೀ. ಹಾಗೆಯೇ ಓಡಿದರೆ ನಾಲ್ಕೂ ಟೈರಿನ ನಡುಭಾಗ ಸವೆದಿರುತ್ತದೆ.

ಹಿಂದಿನ ಟೈರಿನ ಒಳಗಡೆ ತಿಂದಿದೆ. ಇದಕ್ಕೇನು ಕಾರಣ?

ಗ್ರಾಹಕರ ಪಕ್ಷ ಅತ್ಯಂತ ಬಲವಾಗಿರುವ ಪ್ರಕರಣ ಇದು. ನಮ್ಮ ಸಣ್ಣ ಕಾರುಗಳು, ಸಣ್ಣ ಎಸ್‌ಯುವಿಗಳಲ್ಲಿ ಹೆಚ್ಚಿನವಕ್ಕೆ ಹಿಂದುಗಡೆ ಟಾರ್ಷನ್ ಬೀಮ್ ಇರುತ್ತದೆ. ಎರಡು ಚಕ್ರಗಳನ್ನು ಜೋಡಿಸುವ ಒಂದೇ ಉಕ್ಕಿನ ತೊಲೆ ಅದು. ಅದರಲ್ಲಿ ಟೋ ಆಗಲಿ ಕ್ಯಾಂಬರ್ ಆಗಲಿ ತಿರುಪಿ ಸರಿಮಾಡುವ ಬೋಲ್ಟ್ ಇಲ್ಲ. ಅಲೈನ್‌ಮೆಂಟ್ ಯಂತ್ರದ ಪರದೆ ಹಿಂದಿನ ಚಕ್ರದ ಅಂಕಿಯನ್ನು ಕೆಂಪಗೆ ತೋರಿಸಿದರೂ ಟೆಕ್ನಿಷಿಯನ್ ಏನೂ ಮಾಡಲಾರ. ಮುಂದಿನ ಟೋ ಮಾತ್ರ ಸರಿಮಾಡಿ 'ಓಕೆ ಸಾರ್' ಎನ್ನುತ್ತಾನೆ.

ಅಂಕಿ ಮಿತಿ ದಾಟಿದ್ದರೆ ತೊಲೆ ತಯಾರಿಕೆಯಲ್ಲೇ ಓರೆಯಾಗಿರಬೇಕು, ಚಕ್ರ ಕೂರುವ ಸ್ಟಬ್ ಆಕ್ಸಲ್ ಬಾಗಿರಬೇಕು, ಇಲ್ಲವೇ ಏನೋ ಗುದ್ದಿರಬೇಕು. ಗುದ್ದಿದ ಗುರುತು ಕಾರಿನ ಮೈಯಲ್ಲೂ ರಿಮ್ಮಿನಲ್ಲೂ ಇಲ್ಲ, ವಿಮೆಯ ಕ್ಲೈಮ್ ಇಲ್ಲ ಎಂದಾದರೆ ತೊಲೆ ಬದಲಾಯಿಸಿಕೊಡಿ ಎಂದು ಕಾರಿನ ವಾರಂಟಿಯಲ್ಲೇ ಕೇಳಿ. ಟೈರ್ ಪರಿಹಾರ ಅದರ ಹಿಂದೆಯೇ ಬರುತ್ತದೆ. ತೊಲೆ ಹಾಗೇ ಬಿಟ್ಟು ಟೈರ್ ಮಾತ್ರ ಹಾಕಿಸಿಕೊಂಡರೆ ಇನ್ನು 12,000 ಕಿ.ಮೀ.ಗೆ ಮತ್ತೆ ಅದೇ ಜಾಗಕ್ಕೆ ಬರುತ್ತೀರಿ.

ಸರ್ವಿಸ್ ಸೆಂಟರಿನವರು 'ಅಲೈನ್‌ಮೆಂಟ್ ಮಾಡಿಬಿಡ್ತೀವಿ, ಸರಿ ಹೋಗುತ್ತೆ' ಎನ್ನುತ್ತಾರೆ. ಒಪ್ಪಬಹುದೇ?

ಮೊದಲು ಅಳೆದು ಪ್ರಿಂಟ್ ಕೊಡಿ, ಆಮೇಲೆ ಸರಿಮಾಡಿ ಎನ್ನಿ. ಇಡೀ ವ್ಯವಹಾರದಲ್ಲಿ ಇದಕ್ಕಿಂತ ಮುಖ್ಯವಾದ ಹೆಜ್ಜೆ ಇನ್ನೊಂದಿಲ್ಲ. ಟೋ ತಿರುಪಿದ ಮರುಗಳಿಗೆ ಹಳೆಯ ಕೋನ ಎಷ್ಟಿತ್ತು ಎಂಬುದಕ್ಕೆ ಸಾಕ್ಷಿ ಉಳಿಯುವುದಿಲ್ಲ. ಕಂಪ್ಯೂಟರ್ ಯಂತ್ರಗಳು 'ಮುಂಚೆ' ಮತ್ತು 'ನಂತರ'ದ ಅಂಕಿಗಳನ್ನು ಒಂದೇ ಹಾಳೆಯಲ್ಲಿ ಮುದ್ರಿಸುತ್ತವೆ. ಎಲ್ಲ ಹಸಿರಾಗಿರುವ 'ನಂತರ'ದ ಹಾಳೆ ಮಾತ್ರ ಕೈಗಿಟ್ಟರೆ ವಾಪಸ್ ಕೊಟ್ಟು ಪೂರ್ತಿ ಹಾಳೆ ಕೇಳಿ.

ಅದಕ್ಕೂ ಸುರಕ್ಷಿತ ದಾರಿ: ಡೀಲರ್ ಹತ್ತಿರ ಹೋಗುವ ಮುನ್ನವೇ ಹೊರಗಿನ ಒಳ್ಳೆಯ ಟೈರ್ ಅಂಗಡಿಯಲ್ಲಿ 'ಚೆಕಿಂಗ್ ಮಾತ್ರ, ಅಡ್ಜಸ್ಟ್ ಮಾಡಬೇಡಿ' ಎಂದು ಹೇಳಿ ಪ್ರಿಂಟ್ ತೆಗೆಸಿ. ಅಳೆಯುವ ಮುನ್ನ ನಾಲ್ಕೂ ಟೈರಿನ ಗಾಳಿ ಸರಿಯಿರಬೇಕು, ಡಿಕ್ಕಿ ಖಾಲಿಯಿರಬೇಕು. ಇಲ್ಲದಿದ್ದರೆ ಅಂಕಿ ಸುಳ್ಳು ಹೇಳುತ್ತದೆ. ಯಂತ್ರದಲ್ಲಿ ನಿಮ್ಮದೇ ಮಾಡೆಲ್, ನಿಮ್ಮದೇ ವರ್ಷ ಆರಿಸಿದ್ದಾರೆಯೇ ಎಂದೂ ನೋಡಿ.

ಆ ಹಾಳೆಯಲ್ಲಿ ಏನು ನೋಡಬೇಕು?

ಮೊದಲು ಟೋ, ಎಡ ಬಲ ಬೇರೆ ಬೇರೆಯಾಗಿ. ಆಮೇಲೆ ಕ್ಯಾಂಬರ್. ಎಡಕ್ಕೂ ಬಲಕ್ಕೂ ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಯಾಕೆಂದು ಕೇಳಬೇಕು, ಎರಡೂ ಹಸಿರಾಗಿದ್ದರೂ ಸರಿಯೇ. ಹಲವು ಕಾರುಗಳ ಮುಂಭಾಗದಲ್ಲಿ ಕ್ಯಾಂಬರ್ ಸರಿಮಾಡುವ ವ್ಯವಸ್ಥೆ ಇರುವುದಿಲ್ಲ. ಅಂಥ ಕಾರಿನಲ್ಲಿ ಕ್ಯಾಂಬರ್ ಕೆಂಪಾಗಿದ್ದರೆ ಚಕ್ರವನ್ನು ಹಿಡಿದಿರುವ ಭಾಗಗಳಾದ ಸ್ಟ್ರಟ್, ನಕಲ್ (knuckle), ಕೆಳಗಿನ ಆರ್ಮ್ ಇವುಗಳಲ್ಲಿ ಒಂದು ಬಾಗಿದೆ ಎಂದರ್ಥ. ಥ್ರಸ್ಟ್ ಆ್ಯಂಗಲ್ ಎಂಬ ಸಾಲು ಹಿಂದಿನ ಆಕ್ಸಲ್ ಕಾರಿಗೆ ನೇರವಾಗಿದೆಯೇ ಎಂದು ಹೇಳುತ್ತದೆ. ಅದು ಸೊನ್ನೆಯಿಂದ ದೂರವಿದ್ದಷ್ಟೂ ಹಿಂಭಾಗದ ತೊಂದರೆ ಹೆಚ್ಚು.

'ನಿಮ್ಮ ಡ್ರೈವಿಂಗ್ ಸ್ಟೈಲ್ ಸಾರ್', 'ರೋಡ್ ಸರಿ ಇಲ್ಲ ಮೇಡಂ' ಎನ್ನುತ್ತಾರೆ. ಏನು ಉತ್ತರ ಕೊಡಬೇಕು?

ಪ್ರತಿ ಕಾರಣವೂ ಟೈರಿನ ಮೇಲೆ ತನ್ನದೇ ಗುರುತು ಬಿಡುತ್ತದೆ. ಆ ಗುರುತು ತೋರಿಸಿ ಎನ್ನಿ.

ಗಾಳಿ ಕಡಿಮೆ ಇಟ್ಟಿದ್ದೀರಿ ಎಂದರೆ ಎರಡೂ ಅಂಚು ಸವೆದಿರಬೇಕು, ಒಳಗಡೆ ಮಾತ್ರ ಸವೆದಿದ್ದರೆ ಆ ವಾದ ನಿಲ್ಲುವುದಿಲ್ಲ. ಒರಟಾಗಿ ಓಡಿಸಿದ್ದೀರಿ ಎಂದರೆ ಎಡಬಲ ಎರಡೂ ಮುಂದಿನ ಟೈರ್ ಒಂದೇ ಸಮ ಸವೆದಿರಬೇಕು. ಗುಂಡಿಗೆ ಬಿದ್ದಿದೆ ಎಂದರೆ ರಿಮ್ಮಿನ ಅಂಚು ಬಾಗಿರುವುದೋ ಟೈರಿನ ಪಕ್ಕ ಉಬ್ಬಿರುವುದೋ ಕಾಣಬೇಕು, ಅದೂ ಸಾಮಾನ್ಯವಾಗಿ ಒಂದೇ ಚಕ್ರದಲ್ಲಿ. ರೊಟೇಷನ್, ಅಂದರೆ ಟೈರ್‌ಗಳ ಜಾಗ ಹಿಂದೆ ಮುಂದೆ ಬದಲಿಸುವುದು, ಮಾಡಿಸಿಲ್ಲ ಎಂಬುದು ಮಾತ್ರ ಎಷ್ಟೋ ಸಲ ನಿಜವಿರುತ್ತದೆ. ಕೈಪಿಡಿ 10,000 ಕಿ.ಮೀ.ಗೆ ರೊಟೇಷನ್ ಹೇಳಿದ್ದು ನೀವು ಮಾಡಿಸದಿದ್ದರೆ ನಿಮ್ಮ ವಾದ ಅಷ್ಟರಮಟ್ಟಿಗೆ ಸೊರಗುತ್ತದೆ. ಕಾರು ಅವರಲ್ಲೇ ಸರ್ವಿಸ್ ಆಗಿದ್ದು ಅವರು ಹೇಳಲೂ ಇಲ್ಲ, ಮಾಡಲೂ ಇಲ್ಲ ಎಂದರೆ ಜಾಬ್ ಕಾರ್ಡ್ (ಸರ್ವಿಸ್‌ಗೆ ಬಿಟ್ಟಾಗ ಕೆಲಸ ಬರೆದುಕೊಳ್ಳುವ ಹಾಳೆ) ಅದನ್ನು ತೋರಿಸುತ್ತದೆ.

ಗಾಳಿಯ ಬಗ್ಗೆ ಒಂದು ಮಾತು. ಬಂಕಿಗೆ ಹತ್ತು ಕಿ.ಮೀ. ಓಡಿಸಿಕೊಂಡು ಹೋಗಿ ಬಿಸಿ ಟೈರಿಗೆ 33 ತುಂಬಿಸಿದರೆ ತಣ್ಣಗಾದಾಗ 29-30 ಇರುತ್ತದೆ. ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕರಿನಲ್ಲಿರುವ ಅಂಕಿ ತಣ್ಣಗಿನ ಟೈರಿನದು, ಅಂದರೆ ಕಾರು ಮೂರು ಗಂಟೆಯಾದರೂ ನಿಂತಿರಬೇಕು. ಮನೆಯಲ್ಲೊಂದು ಗೇಜ್ ಇಟ್ಟುಕೊಂಡು ಬೆಳಿಗ್ಗೆ ನೋಡುವುದೇ ಲೇಸು.

ವಾರಂಟಿಯಲ್ಲಿ ಟೈರ್ ಬರುತ್ತದೆಯೇ?

ಕಾರಿನ ವಾರಂಟಿ ಪುಸ್ತಕ ತೆರೆಯಿರಿ. ಟೈರ್, ಬ್ಯಾಟರಿಗಳ ವಾರಂಟಿ ಅವುಗಳ ತಯಾರಕರದು ಎಂದು ಬಹುತೇಕ ಎಲ್ಲ ಕಂಪನಿಗಳೂ ಬರೆದಿರುತ್ತವೆ. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಸಹ ವಾರಂಟಿಯ ಹೊರಗೆ. ಟೈರ್ ಕಂಪನಿಯ ವಾರಂಟಿ ತಯಾರಿಕೆಯ ದೋಷಕ್ಕೆ ಮಾತ್ರ: ರಬ್ಬರ್ ಪದರ ಬಿಡುವುದು, ಒಳಗಿನ ದಾರ ಕಿತ್ತು ಉಬ್ಬುವುದು ಇತ್ಯಾದಿ. ಅಲೈನ್‌ಮೆಂಟಿನಿಂದ ಸವೆದದ್ದಕ್ಕೆ ಅವರು ಕೊಡುವುದಿಲ್ಲ.

ಇಷ್ಟು ಓದಿ ಜನ ಕೈಚೆಲ್ಲುತ್ತಾರೆ. ಆದರೆ ಟೈರನ್ನು ತಿಂದ ಭಾಗ, ಅಂದರೆ ಬಾಗಿದ ತೊಲೆ, ಸೋರುವ ಶಾಕ್ ಅಬ್ಸಾರ್ಬರ್, ಸಡಿಲ ಬುಷ್, ಕಾರಿನ ವಾರಂಟಿಗೆ ಸೇರಿದ್ದು. ಹಾಗಾಗಿ ದೂರಿನಲ್ಲಿ 'ಟೈರ್ ಸವೆದಿದೆ' ಎಂದು ಶುರುಮಾಡಬೇಡಿ. 'ಸಸ್ಪೆನ್ಷನ್ ಕೋನ ಮಿತಿ ಮೀರಿದೆ, ಅದರಿಂದ ಟೈರ್ ಹಾಳಾಗಿದೆ' ಎಂದು ಶುರುಮಾಡಿ.

ಟೈರ್ ಕಂಪನಿಗೆ ಕ್ಲೈಮ್ ಹಾಕುವ ಕ್ರಮ ಏನು?

ಡೀಲರ್ ಮೂಲಕವಾಗಲಿ, ಆ ಬ್ರಾಂಡಿನ ಅಧಿಕೃತ ಅಂಗಡಿಯ ಮೂಲಕವಾಗಲಿ ಹಾಕಬಹುದು. ಕಾರಿನ ಬಿಲ್, ಆರ್‌ಸಿ ಪ್ರತಿ, ಟೈರಿನ ಸೀರಿಯಲ್ ಸಂಖ್ಯೆ ಬೇಕು. ಟೈರಿನ ಪಕ್ಕದ ಗೋಡೆಯಲ್ಲಿ DOT ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 2324 ಎಂದಿದ್ದರೆ 2024ರ 23ನೇ ವಾರ. ಕಂಪನಿಯ ಎಂಜಿನಿಯರ್ ಬಂದು ನೋಡಿ ಒಪ್ಪಿಗೆ ಅಥವಾ ತಿರಸ್ಕಾರ ಬರೆಯುತ್ತಾರೆ. ಟೈರ್ ಬಿಚ್ಚಿ ಒಯ್ಯುವುದಾದರೆ ಸೀರಿಯಲ್ ಸಂಖ್ಯೆ ಬರೆದ ರಸೀದಿ ಪಡೆಯಿರಿ. ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಿ, ಟೈರ್ ವಾಪಸ್ ಪಡೆಯಿರಿ. 'ಅಲೈನ್‌ಮೆಂಟ್ ದೋಷದಿಂದ ಸವೆತ' ಎಂದು ಅವರು ಬರೆದುಕೊಟ್ಟರೆ ಬೇಸರ ಬೇಡ, ಡೀಲರ್ ವಿರುದ್ಧ ಅದೇ ನಿಮ್ಮ ಒಳ್ಳೆಯ ದಾಖಲೆ.

ಒಪ್ಪಿದರೂ ಪೂರ್ತಿ ಪುಕ್ಕಟೆ ಸಿಗುವುದು ಕಡಿಮೆ, ಸವೆದ ಪಾಲಿನ ಹಣ ನೀವು ಕೊಡಬೇಕು. 7.5 ಮಿ.ಮೀ.ನಲ್ಲಿ 3 ಸವೆದಿದ್ದರೆ 40 ಶೇಕಡಾ ನಿಮ್ಮದು, 6,000 ರೂಪಾಯಿಯ ಟೈರಿಗೆ 2,400. ಕೆಲವರು 1.6 ಕಳೆದು ಉಳಿದ ಆಳದ ಮೇಲೆ ಲೆಕ್ಕ ಹಾಕುತ್ತಾರೆ, ಆಗ ನಿಮ್ಮ ಪಾಲು ಸುಮಾರು 51 ಶೇಕಡಾ. ಯಾವ ಲೆಕ್ಕ ಎಂದು ಮೊದಲೇ ಕೇಳಿಕೊಳ್ಳಿ.

ಹಾಗಾದರೆ ಡೀಲರ್ ನೇರವಾಗಿ ಹೊಣೆಯಾಗುವುದು ಯಾವಾಗ?

ಪಿಡಿಐ ಸರಿಯಾಗಿ ಮಾಡದೆ ಕಾರು ಕೊಟ್ಟಾಗ. ಮೊದಲ ಸರ್ವಿಸ್‌ಗಳಲ್ಲಿ ನೀವು ದೂರು ಹೇಳಿದ್ದರೂ ನೋಡದೆ ಬಿಟ್ಟಾಗ. ಅಲೈನ್‌ಮೆಂಟಿಗೆ ಹಣ ಪಡೆದು ತಪ್ಪಾಗಿ ಮಾಡಿದಾಗ, ಅಥವಾ ಮಾಡದೆಯೇ ಬಿಲ್ ಹಾಕಿದಾಗ. ಓಡಿಸಿದ ಡೆಮೊ ಕಾರನ್ನು ಹೊಸದೆಂದು ಮಾರಿದಾಗ, ಇಲ್ಲವೇ ಟೈರ್ ಅದಲುಬದಲು ಮಾಡಿದಾಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಇವು ಸೇವಾ ನ್ಯೂನತೆ ಅಥವಾ ಅನುಚಿತ ವ್ಯಾಪಾರ ಪದ್ಧತಿಯಾಗುತ್ತವೆ. ವಸ್ತುವಿನಲ್ಲೇ ದೋಷವಿದ್ದರೆ ತಯಾರಕರ ಹೊಣೆ ಮುಂದೆ ಬರುತ್ತದೆ.

ಗ್ರಾಹಕ ಆಯೋಗಕ್ಕೆ ದೂರು ಕೊಡುವುದಾದರೆ ಡೀಲರ್ ಮತ್ತು ಕಾರು ಕಂಪನಿ ಇಬ್ಬರನ್ನೂ, ಬೇಕಾದರೆ ಟೈರ್ ಕಂಪನಿಯನ್ನೂ, ಎದುರು ಪಕ್ಷ ಮಾಡಿ. ಆದರೆ ಯಾರ ತಪ್ಪು ಯಾವುದು ಎಂದು ಬಿಡಿಸಿ ಬರೆಯಿರಿ. ಆಗಲೇ ಓಡಿದ್ದ ಹಳೆಯ ವರ್ಷದ ಕಾರನ್ನು ಡೀಲರ್ ಹೊಸದೆಂದು ಮಾರಿದ ಪ್ರಕರಣದಲ್ಲಿ, ಕಂಪನಿಗೆ ಅದು ತಿಳಿದಿತ್ತು ಎಂದು ತೋರಿಸದ ಹೊರತು ಡೀಲರ್ ತಪ್ಪಿಗೆ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ.

ದೂರು ಹೇಗೆ ಬರೆಯಬೇಕು?

ಬಾಯಿಮಾತು, ಫೋನ್ ಎಣಿಕೆಗೆ ಬರುವುದಿಲ್ಲ. ಮೊದಲು ಜಾಬ್ ಕಾರ್ಡಿನಲ್ಲಿ ನಿಮ್ಮ ಮಾತಿನಲ್ಲೇ ಬರೆಸಿ, 'ಜನರಲ್ ಚೆಕಪ್' ಎಂದು ಬರೆದರೆ ಸಹಿ ಹಾಕಬೇಡಿ. ಅದೇ ದಿನ ಡೀಲರಿಗೂ ಕಾರು ಕಂಪನಿಯ ಗ್ರಾಹಕ ವಿಭಾಗಕ್ಕೂ ಇಮೇಲ್ ಕಳಿಸಿ. ಮಾದರಿ:

'ದಿನಾಂಕ ___ರಂದು ಖರೀದಿಸಿದ ನನ್ನ ಕಾರು (ಚಾಸಿಸ್ ಸಂಖ್ಯೆ ___) 12,140 ಕಿ.ಮೀ. ಓಡಿದೆ. ಹಿಂದಿನ ಎಡ ಟೈರಿನ ಒಳ ಅಂಚಿನಲ್ಲಿ 1.9 ಮಿ.ಮೀ., ನಡುವೆ 5.2, ಹೊರ ಅಂಚಿನಲ್ಲಿ 5.4 ಮಿ.ಮೀ. ಉಳಿದಿದೆ. ಯಾವುದೇ ಅಪಘಾತ ಆಗಿಲ್ಲ. ಎಲ್ಲ ಸರ್ವಿಸ್ ನಿಮ್ಮಲ್ಲೇ ಆಗಿದೆ. ಅಲೈನ್‌ಮೆಂಟ್ ಅಳತೆಯ ಹಾಳೆ, ಫೋಟೊಗಳು ಲಗತ್ತಿಸಿವೆ. ಹಿಂದಿನ ಆಕ್ಸಲ್ ಪರೀಕ್ಷಿಸಿ ವಾರಂಟಿಯಲ್ಲಿ ಸರಿಪಡಿಸಿ, ಹಾಳಾದ ಟೈರ್ ಬದಲಾಯಿಸಿಕೊಡಬೇಕು. ನಿರಾಕರಿಸುವುದಾದರೆ ತಾಂತ್ರಿಕ ಕಾರಣವನ್ನು 15 ದಿನದೊಳಗೆ ಲಿಖಿತವಾಗಿ ತಿಳಿಸಿ.'

ಸಿಟ್ಟಿನ ಮಾತು, ಸಾಮಾಜಿಕ ಜಾಲತಾಣದ ಬೆದರಿಕೆ ಇದರಲ್ಲಿ ಬೇಡ. ಮುಂದೆ ಇದನ್ನು ಓದುವವರು ಆಯೋಗದ ಸದಸ್ಯರು ಎಂದು ನೆನೆದು ಬರೆಯಿರಿ. ಡೀಲರ್ ಅರ್ಧ ಬೆಲೆಗೆ ಟೈರ್ ಕೊಡುತ್ತೇನೆ ಎಂದು ರಾಜಿಗೆ ಬರುವುದುಂಟು. ಮೂಲ ಕಾರಣ ಸರಿಮಾಡಿಕೊಟ್ಟರೆ ಅದು ಕೆಟ್ಟ ಒಪ್ಪಂದವೇನಲ್ಲ. 'ಪೂರ್ಣ ತೃಪ್ತಿಯಾಗಿದೆ, ಮುಂದೆ ಯಾವ ಹಕ್ಕೂ ಇಲ್ಲ' ಎಂಬ ಕಾಗದಕ್ಕೆ ಸಹಿ ಹಾಕುವ ಮುನ್ನ ಮಾತ್ರ ಯೋಚಿಸಿ.

ಉತ್ತರವೇ ಬರದಿದ್ದರೆ?

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಅವರು ಆದೇಶ ಕೊಡಲಾರರು, ಆದರೆ ಕಂಪನಿಯ ಮೇಲಿನ ಹಂತಕ್ಕೆ ದೂರು ತಲುಪುತ್ತದೆ. ಇಷ್ಟಕ್ಕೇ ಬಗೆಹರಿಯುವ ಪ್ರಕರಣಗಳೂ ಇವೆ.

ಆಮೇಲಿನದು ಜಿಲ್ಲಾ ಗ್ರಾಹಕ ಆಯೋಗ. ಕಾರಿಗೆ ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಅಲ್ಲಿಯೇ. ನೀವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಾರು ಬೆಂಗಳೂರಿನಲ್ಲಿ ಕೊಂಡು ಹಾವೇರಿಯಲ್ಲಿ ಇರುವವರು ಬೆಂಗಳೂರಿಗೆ ಅಲೆಯಬೇಕಿಲ್ಲ. ಶುಲ್ಕ 5 ಲಕ್ಷದವರೆಗೆ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1,000. ವಕೀಲರು ಕಡ್ಡಾಯವಲ್ಲ. ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ಹಾಕಬೇಕು. ಇಮೇಲ್ ವಿನಿಮಯದಲ್ಲಿ ಈ ಅವಧಿ ಕಳೆದುಹೋಗದಂತೆ ನೋಡಿಕೊಳ್ಳಿ.

ಪರೀಕ್ಷೆಯಿಲ್ಲದೆ ದೋಷ ತೀರ್ಮಾನಿಸಲು ಆಗದಿದ್ದರೆ ಆಯೋಗ ಕಾಯ್ದೆಯ 38ನೇ ಸೆಕ್ಷನ್ ಪ್ರಕಾರ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಅದಕ್ಕೆ ನೀವು ಅರ್ಜಿ ಹಾಕಬೇಕು, ಖರ್ಚನ್ನೂ ಮೊದಲು ನೀವೇ ಕಟ್ಟಬೇಕಾಗಬಹುದು. ತಜ್ಞರ ವರದಿ ಇಲ್ಲದೆ 'ತಯಾರಿಕಾ ದೋಷ' ಎಂದು ಹೇಳಿ ಸೋತವರು ಬಹಳ. ಹಳದಿ ಬೋರ್ಡಿನವರೂ, ಸ್ವಂತ ಜೀವನೋಪಾಯಕ್ಕಾಗಿ ತಾವೇ ಕಾರು ಓಡಿಸುತ್ತಿದ್ದರೆ, ಗ್ರಾಹಕರೇ.

ಕಾರನ್ನೇ ಬದಲಾಯಿಸಿಕೊಡಿ ಎಂದು ಕೇಳಬಹುದೇ?

ಕೇಳಬಹುದು, ಸಿಗುವುದು ಕಷ್ಟ. ಒಂದು ಭಾಗದ ದೋಷಕ್ಕೆ ಆ ಭಾಗ ಬದಲಿಸಿದರೆ ಸಾಕು, ಇಡೀ ವಾಹನ ಬದಲಿಸಬೇಕಿಲ್ಲ ಎಂಬ ನಿಲುವನ್ನು ಸುಪ್ರೀಂ ಕೋರ್ಟ್ 2006ರಲ್ಲೇ ತಳೆದಿದೆ. ಟೈರ್ ಬೆಲೆ, ಅಲೈನ್‌ಮೆಂಟ್ ಖರ್ಚು, ಆಕ್ಸಲ್ ದುರಸ್ತಿ, ಓಡಾಟದ ತೊಂದರೆಗೆ ಮಿತವಾದ ಪರಿಹಾರ ಕೇಳಿದವರ ಅರ್ಜಿಗೇ ಬೆಲೆ ಹೆಚ್ಚು.

ವಿಮೆಯಿಂದ ಸಿಗುತ್ತದೆಯೇ?

ಸವೆತಕ್ಕೆ ಇಲ್ಲ. ಟೈರ್ ರಕ್ಷಣೆಯ ಹೆಚ್ಚುವರಿ ಪಾಲಿಸಿ ಇದ್ದರೂ ಅದು ಕೊಯ್ತ, ಉಬ್ಬು, ಸಿಡಿತಕ್ಕೆ ಮಾತ್ರ.

ದೂರು ನಡೆಯುತ್ತಿರುವಾಗ ಅದೇ ಟೈರಿನಲ್ಲಿ ಓಡಿಸಬೇಕೇ?

ಬೇಡ. ತಂತಿ ಕಂಡರೆ ಅಥವಾ 1.6 ಮಿ.ಮೀ. ಮುಟ್ಟಿದರೆ ತಕ್ಷಣ ಬದಲಾಯಿಸಿ, ಮಳೆಗಾಲದಲ್ಲಿ 3 ಮಿ.ಮೀ.ಗೇ ಬದಲಾಯಿಸುವುದು ಒಳ್ಳೆಯದು. ಬದಲಾಯಿಸುವ ಮುನ್ನ ಡೀಲರಿಗೆ 'ಇಂಥ ದಿನ ಬಿಚ್ಚಿಸುತ್ತೇನೆ, ಬೇಕಿದ್ದರೆ ಬಂದು ನೋಡಿ' ಎಂದು ಇಮೇಲ್ ಮಾಡಿ. ಹಳೆಯ ಟೈರನ್ನು ಅಂಗಡಿಯವನಿಗೆ ಬಿಟ್ಟು ಬರಬೇಡಿ. ಯಾವ ಚಕ್ರದ್ದು, ಹೊರಮುಖ ಯಾವುದು ಎಂದು ಸೀಮೆಸುಣ್ಣದಲ್ಲಿ ಬರೆದು ಫೋಟೊ ತೆಗೆದು ಮನೆಯಲ್ಲಿಡಿ. ಎರಡೇ ಹೊಸ ಟೈರ್ ಹಾಕಿಸುವುದಾದರೆ ಹೊಸವು ಹಿಂದಕ್ಕೆ ಹೋಗಲಿ. ನೆಂದ ರಸ್ತೆಯಲ್ಲಿ ಹಿಂಭಾಗ ಜಾರಿದರೆ ಕಾರು ಹಿಡಿತಕ್ಕೆ ಸಿಗುವುದಿಲ್ಲ.

ಇದೇ ಮಾಡೆಲ್ ಇರುವ ಬೇರೆಯವರಿಗೂ ಹೀಗೇ ಆಗಿದೆ. ಒಟ್ಟಾಗಿ ಹೋಗಬಹುದೇ?

ಒಂದೇ ಹಿತಾಸಕ್ತಿಯ ಹಲವು ಗ್ರಾಹಕರು ಆಯೋಗದ ಅನುಮತಿ ಪಡೆದು ಒಟ್ಟಿಗೆ ದೂರು ಕೊಡಲು ಅವಕಾಶವಿದೆ. ಎಲ್ಲರ ಅಳತೆಗಳು ಒಂದೇ ರೀತಿ ಇರಬೇಕು, ಒಬ್ಬರಿಗೆ ನಡು, ಇನ್ನೊಬ್ಬರಿಗೆ ಅಂಚು ಎಂದರೆ ದೂರು ದುರ್ಬಲವಾಗುತ್ತದೆ.

ಡೆಲಿವರಿ ದಿನವೇ ಏನೇನು ನೋಡಿಕೊಳ್ಳಬೇಕು?

ನಾಲ್ಕೂ ಟೈರ್ ಒಂದೇ ಬ್ರಾಂಡ್, ಒಂದೇ ಪ್ಯಾಟರ್ನ್ ಇವೆಯೇ, ತಯಾರಿಕಾ ವಾರಗಳು ಹತ್ತಿರ ಹತ್ತಿರ ಇವೆಯೇ ನೋಡಿ. ಒಂದು ಟೈರ್ ಮಾತ್ರ ವರ್ಷ ಹಳೆಯದಾಗಿದ್ದರೆ ಅದಲುಬದಲಾಗಿದೆಯೇ ಎಂದು ಕೇಳಿ. ನಿಮ್ಮ ಗೇಜಿನಲ್ಲಿ ಗಾಳಿ ಅಳೆಯಿರಿ. ಪಿಡಿಐ ಹಾಳೆಯ ಪ್ರತಿ ಕೇಳಿ ಪಡೆಯಿರಿ. ಸಮತಟ್ಟು ರಸ್ತೆಯಲ್ಲಿ 60ರ ವೇಗದಲ್ಲಿ ಸ್ಟೇರಿಂಗ್ ನೇರವಿದೆಯೇ ಗಮನಿಸಿ. ಮೊದಲ ವಾರದಲ್ಲೇ ಕೈಯಿಂದ ಹಣ ಹಾಕಿ ಒಂದು ಅಲೈನ್‌ಮೆಂಟ್ ಹಾಳೆ ತೆಗೆಸಿಟ್ಟುಕೊಂಡರೆ ಕಾರು ಬಂದಾಗ ಕೋನಗಳು ಹೇಗಿದ್ದವು ಎಂಬುದಕ್ಕೆ ಎರಡನೆಯ ಮಾತಿರುವುದಿಲ್ಲ.

ಹೊರಗಡೆ ಅಲೈನ್‌ಮೆಂಟ್ ಮಾಡಿಸಿದರೆ ವಾರಂಟಿ ಹೋಗುತ್ತದೆಯೇ?

ಅಳತೆ ಮಾತ್ರ ಮಾಡಿಸಿದರೆ ಹೋಗುವ ಪ್ರಶ್ನೆಯೇ ಇಲ್ಲ. ಹೊರಗೆ ಟೋ ಸರಿಮಾಡಿಸಿದರೂ ಎಂಜಿನ್, ಗೇರ್‌ಬಾಕ್ಸ್ ವಾರಂಟಿಗೆ ಅದರಿಂದ ಧಕ್ಕೆಯಿಲ್ಲ. ಆದರೆ ಟೈರ್ ವಿವಾದ ನಡೆಯುತ್ತಿದ್ದರೆ ಸರಿಮಾಡುವ ಕೆಲಸವನ್ನು ಡೀಲರ್ ಕೈಯಲ್ಲೇ ಮಾಡಿಸಿ. ಇಲ್ಲದಿದ್ದರೆ 'ಹೊರಗಿನವರು ಕೆಡಿಸಿದರು' ಎಂಬ ಉತ್ತರವನ್ನು ನೀವೇ ಅವರ ಕೈಗೆ ಕೊಟ್ಟಂತಾಗುತ್ತದೆ.